ಇಂದಿನ ಚಿಂತನೆ: ತೃಪ್ತಿಯೋ, ತಲೆಬಾಗುವುದೋ?



ಮಂಗಲ ಸುತ್ತವನ್ನು ನಾವೆಲ್ಲ ಪಠಿಸುತ್ತೇವೆ. ಅದರಲ್ಲಿ ಬುದ್ಧರು ಹೇಳುವ ಮಂಗಲಗಳಲ್ಲಿ ಸಂತುಟ್ಠಿಯೂ ಒಂದು. ಸಂತುಟ್ಠಿ ಅಂದರೆ ತೃಪ್ತಿ. ಈ ಪದ ಬಂದಾಗಲೆಲ್ಲ ನಮ್ಮ ಬಳಗದ ಯುವಕರಲ್ಲಿ ಯಾರಾದರೊಬ್ಬರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಅವರದು ತಪ್ಪಲ್ಲ. "ಇದ್ದುದರಲ್ಲಿ ಸುಖವಾಗಿರು, ನಿನ್ನ ಪಾಲಿಗೆ ಬಂದ ಕೆಲಸ ಮಾಡು, ಫಲ ಕೇಳಬೇಡ" ಎಂಬ ಮಾತನ್ನು ನಮ್ಮ ಅಜ್ಜ ಮುತ್ತಜ್ಜಂದಿರು ಎಷ್ಟು ಕೇಳಿಸಿಕೊಂಡಿದ್ದಾರೆಂದರೆ, ಅದು ಯಾರ ಬಾಯಿಂದ ಬಂದರೂ ನಮಗೆ ಮೊದಲು ಅನುಮಾನ ಹುಟ್ಟುತ್ತದೆ. ಹುಟ್ಟಲೇಬೇಕು.

ಹಾಗಾದರೆ ಬುದ್ಧರು ಹೇಳುವ ತೃಪ್ತಿಗೂ ಜಾತಿ ಕಲಿಸಿದ ತೃಪ್ತಿಗೂ ವ್ಯತ್ಯಾಸವೇನು? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇಬ್ಬರೂ ಗೊಣಗದೆ ತಮ್ಮ ಕೆಲಸ ಮಾಡುತ್ತಿರುತ್ತಾರೆ. ಇವತ್ತು ಈ ಪ್ರಶ್ನೆಯನ್ನು ನಮಗೆ ಅಷ್ಟೇನೂ ಪರಿಚಯವಿಲ್ಲದ ಒಂದು ಮೈದಾನಕ್ಕೆ ಒಯ್ದು ನೋಡೋಣ. ಆಟ ಬೇಸ್‌ಬಾಲ್, ದೇಶ ಅಮೆರಿಕ.

ಕ್ರಿಕೆಟ್ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ನಮ್ಮಲ್ಲಿ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್. ಆಟ ಶುರು ಮಾಡಿದ ಪಿಚರ್ ದಣಿದರೆ, ಅಥವಾ ಏಟು ತಿನ್ನತೊಡಗಿದರೆ, ಬದಲಿ ಪಿಚರ್ ಬರುತ್ತಾರೆ. ಒಮ್ಮೆ ಹೊರಗೆ ಹೋದವರು ಆ ಆಟಕ್ಕೆ ಮತ್ತೆ ಬರುವಂತಿಲ್ಲ. ಹಾಗಾಗಿ ಬದಲಿಗಳು ಬಹಳ ಜನ ಬೇಕು. ಅವರು ಕಾದು ಕೂರುವ, ಎಸೆದೆಸೆದು ಕೈ ಬಿಸಿ ಮಾಡಿಕೊಳ್ಳುವ ಜಾಗಕ್ಕೆ ಬುಲ್‌ಪೆನ್ ಎಂದು ಹೆಸರು. ಮೇಲುಗಡೆ 30 ತಂಡಗಳ ಮೇಜರ್ ಲೀಗ್. ಪ್ರತಿ ತಂಡದ ಕೈಕೆಳಗೆ ಮೈನರ್ ಲೀಗಿನ ನಾಲ್ಕು ಹಂತಗಳು. ಅದರಲ್ಲಿ ಎಲ್ಲಕ್ಕೂ ಮೇಲಿನದು ಟ್ರಿಪಲ್-ಎ.

ಟ್ರಿಪಲ್-ಎ ತಂಡಗಳಲ್ಲಿ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರ ನಡುವೆ ಒಬ್ಬಿಬ್ಬರು ಹಳಬರು ಇರುತ್ತಾರೆ. ಮೂವತ್ತೈದು ದಾಟಿದವರು, ಕೆಲವೊಮ್ಮೆ ನಲವತ್ತು ಮುಟ್ಟಿದವರು. ಒಂದು ಕಾಲದಲ್ಲಿ ಮೇಲೆ ಆಡಿದವರೇ. ಮೇಲಿನ ತಂಡದಲ್ಲಿ ಯಾರದಾದರೂ ಭುಜ ಕೈಕೊಟ್ಟರೆ, ಒಂದೇ ದಿನ ಎರಡು ಆಟ ಬಿದ್ದರೆ, ಇವರಿಗೆ ಫೋನ್ ಬರುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಕೆಳಗೆ. ಇಂಥವರನ್ನು ತಂಡದ ಆಡಳಿತದವರು "ಡೆಪ್ತ್" ಎನ್ನುತ್ತಾರೆ. ನಮ್ಮ ಲಾರಿ ಡ್ರೈವರುಗಳ ಮಾತಿನಲ್ಲಿ ಹೇಳುವುದಾದರೆ ಸ್ಟೆಪ್ನಿ.

ಬುಲ್‌ಪೆನ್ನಿನ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ವಿಷಯವಿದೆ. ಕೋಚ್ "ಎದ್ದೇಳು" ಎಂದಾಗ ಪಿಚರ್ ಎದ್ದು ಇಪ್ಪತ್ತು, ಮೂವತ್ತು ಚೆಂಡು ಜೋರಾಗಿ ಎಸೆದು ತಯಾರಾಗುತ್ತಾರೆ. ಅಷ್ಟರಲ್ಲಿ ಆಟದ ಗತಿ ಬದಲಾಗುತ್ತದೆ. "ಕೂತುಕೋ" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ "ಎದ್ದೇಳು". ಕೆಲವು ರಾತ್ರಿ ಹೀಗೆ ಎರಡು ಮೂರು ಸಲ ಕೈ ಬಿಸಿ ಮಾಡಿಕೊಂಡು, ಮೈದಾನಕ್ಕೆ ಇಳಿಯದೆಯೇ ಮನೆಗೆ ಹೋಗುತ್ತಾರೆ. ಬೇಸ್‌ಬಾಲ್ ಎಲ್ಲವನ್ನೂ ಎಣಿಸುವ ಆಟ. ಯಾವ ಚೆಂಡು ಎಷ್ಟು ವೇಗ, ಎಷ್ಟು ಸುತ್ತು ತಿರುಗಿತು ಎಂಬುದಕ್ಕೂ ಲೆಕ್ಕವಿದೆ. ಆದರೆ ಆ ರಾತ್ರಿಯ ಸ್ಕೋರ್ ಪಟ್ಟಿಯಲ್ಲಿ ಈ ಮನುಷ್ಯನ ಹೆಸರೇ ಇರುವುದಿಲ್ಲ. ಭುಜ ಸವೆಯುವುದು ಮಾತ್ರ ಸವೆದಿರುತ್ತದೆ.

ಹತ್ತಿರದ ಕಾಲದ ಒಂದು ಉದಾಹರಣೆ ಜೆಸ್ಸಿ ಚಾವೆಜ್. 2002ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯಲ್ಲಿ, ಅವರ ಹೆಸರು ಬಂದದ್ದು 42ನೇ ಸುತ್ತಿನಲ್ಲಿ. ಮೇಜರ್ ಲೀಗ್ ಮುಟ್ಟಿದ್ದು 2008ರಲ್ಲಿ. ಒಂದು ತಂಡದಿಂದ ಇನ್ನೊಂದಕ್ಕೆ ವಿನಿಮಯವಾಗಿ ಹೋದದ್ದು ಒಟ್ಟು 11 ಸಲ. ಆ ಆಟದ ಚರಿತ್ರೆಯಲ್ಲಿ ಇದು ದಾಖಲೆ. 2021ರಲ್ಲಿ ಅಟ್ಲಾಂಟಾ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ಅವರೂ ಇದ್ದರು. ಕೊನೆಯ ವರ್ಷ 2025ರಲ್ಲಿ ಅದೇ ಅಟ್ಲಾಂಟಾ ಅವರನ್ನು ಮೇಲೆ ಕರೆಸುವುದು, ಪಟ್ಟಿಯಿಂದ ತೆಗೆಯುವುದು, ನಗರದ ಹೊರವಲಯದಲ್ಲಿರುವ ಗ್ವಿನೆಟ್‌ನ ಟ್ರಿಪಲ್-ಎ ತಂಡಕ್ಕೆ ಮತ್ತೆ ಸೇರಿಸಿಕೊಳ್ಳುವುದು ಹಲವು ಸಲ ನಡೆಯಿತು. ಬೇರೆ ಕಡೆ ಹೋಗುವ ಸ್ವಾತಂತ್ರ್ಯವಿತ್ತು. ಅವರು ತಿರುಗಿ ಅಲ್ಲಿಗೇ ಬಂದರು. ಆ ಜುಲೈನಲ್ಲಿ, 42 ತುಂಬಲು ಒಂದು ತಿಂಗಳಿರುವಾಗ, ಆಟ ಬಿಟ್ಟರು.

ಚಾವೆಜ್ ಅವರದ್ದು ತಲೆಬಾಗುವುದೇ? ನನಗೆ ಹಾಗೆ ಅನಿಸುವುದಿಲ್ಲ. ಅವರು ನಿಂತಿದ್ದ ಕಟ್ಟಡಕ್ಕೆ ಮೆಟ್ಟಿಲಿತ್ತು. ಚೆನ್ನಾಗಿ ಎಸೆದರೆ ಮೇಲೆ, ಇಲ್ಲದಿದ್ದರೆ ಕೆಳಗೆ. ಮೆಟ್ಟಿಲು ಜಾರುತ್ತಿತ್ತು ನಿಜ, ಆದರೆ ಇತ್ತು. 1920ರಲ್ಲಿ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ ಬಾಬಾಸಾಹೇಬರು ಜಾತಿ ಸಮಾಜವನ್ನು ಮೆಟ್ಟಿಲೇ ಇಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿದ್ದನ್ನು ನೀವು ಬಲ್ಲಿರಿ. ಹುಟ್ಟಿದ ಮಹಡಿಯಲ್ಲೇ ಸಾಯಬೇಕು. ಕೆಳಗಿನವನು ಎಷ್ಟೇ ಯೋಗ್ಯನಾಗಿದ್ದರೂ ಮೇಲೆ ಬರಲಾರ. ಮೆಟ್ಟಿಲಿರುವ ಕಡೆ ತಾಳ್ಮೆಗೆ ಒಂದು ಅರ್ಥ, ಇಲ್ಲದ ಕಡೆ ಇನ್ನೊಂದು ಅರ್ಥ. ಈ ಭೇದ ಮಾಡದೆ ತಾಳ್ಮೆಯನ್ನು ಹೊಗಳುವವರ ಬಗ್ಗೆ ಎಚ್ಚರವಿರಲಿ.

ಮೆಟ್ಟಿಲಿಲ್ಲದ ಕಡೆ ನಿಂತವರ ಕಥೆಗೆ ಬರುತ್ತೇನೆ. ಅವರ ಹೆಸರು ಸ್ಯಾಚೆಲ್ ಪೇಜ್.

1906ರ ಜುಲೈ 7ರಂದು ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದಲ್ಲಿ ಹುಟ್ಟಿದ ಕಪ್ಪು ಹುಡುಗ. ರೈಲ್ವೆ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಚೀಲ ಹೊರುತ್ತಿದ್ದುದರಿಂದ ಬಂದದ್ದು ಸ್ಯಾಚೆಲ್ ಎಂಬ ಅಡ್ಡಹೆಸರು. ಚಿಕ್ಕ ವಯಸ್ಸಿನಲ್ಲೇ ಬಾಲಾಪರಾಧಿಗಳ ಶಾಲೆಗೆ ಹಾಕಿದರು. ಪಿಚಿಂಗ್ ಸರಿಯಾಗಿ ಕಲಿತದ್ದು ಅಲ್ಲೇ. 1926ರಿಂದ ದುಡ್ಡಿಗೆ ಆಡತೊಡಗಿದರು, ಆದರೆ ನೀಗ್ರೋ ಲೀಗ್ ಎಂದು ಕರೆಯುತ್ತಿದ್ದ ಬೇರೆಯದೇ ಲೀಗುಗಳಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಮೇಜರ್ ಲೀಗ್ ಕಪ್ಪು ಜನರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. (1913ರಿಂದ 1916ರವರೆಗೆ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದುತ್ತಿದ್ದಾಗ, ನ್ಯೂಯಾರ್ಕಿನ ಎರಡು ಮೇಜರ್ ತಂಡಗಳು ಆಡುತ್ತಿದ್ದ ಪೋಲೋ ಗ್ರೌಂಡ್ಸ್ ಮೈದಾನ ಅದೇ ಮ್ಯಾನ್‌ಹಟನ್‌ನಲ್ಲಿ, ವಿಶ್ವವಿದ್ಯಾಲಯದಿಂದ ಸುಮಾರು ನಲವತ್ತು ಬೀದಿ ಆಚೆಗಿತ್ತು. ಆ ಮೈದಾನದ ಮೇಜರ್ ತಂಡಗಳಲ್ಲೂ ಒಬ್ಬ ಕಪ್ಪು ಆಟಗಾರ ಇರಲಿಲ್ಲ.)

ಇಪ್ಪತ್ತು ವರ್ಷ ಪೇಜ್ ಊರೂರು ಸುತ್ತಿ ಆಡಿದರು. ಬಿಳಿಯರ ಹೋಟೆಲಿನಲ್ಲಿ ಜಾಗವಿಲ್ಲ, ಊಟವಿಲ್ಲ. ಇವತ್ತು ಒಂದು ಊರು, ರಾತ್ರಿಯೆಲ್ಲ ಕಾರು ಓಡಿಸಿ ನಾಳೆ ಇನ್ನೊಂದು. ಚೂಯಿಂಗ್ ಗಮ್‌ನ ಕಾಗದವನ್ನು ನೆಲದ ಮೇಲಿಟ್ಟು ಅದರ ಮೇಲೆಯೇ ಚೆಂಡು ಹಾಯಿಸುತ್ತಿದ್ದರು ಎಂದು ಜೊತೆಯವರು ಹೇಳುತ್ತಿದ್ದರು. ಸೀಸನ್ ಮುಗಿದ ಮೇಲೆ ಮೇಜರ್ ಲೀಗಿನ ದೊಡ್ಡ ದೊಡ್ಡ ಬಿಳಿ ಆಟಗಾರರು ಪ್ರದರ್ಶನ ಪಂದ್ಯಗಳಲ್ಲಿ ಇವರೆದುರು ಆಡಿ ಇವರನ್ನು ಕೊಂಡಾಡುತ್ತಿದ್ದರು. ಹೊಗಳಿಕೆಗೆ ಗೋಡೆ ಅಡ್ಡಿಯಿಲ್ಲ, ನೇಮಕಕ್ಕೆ ಮಾತ್ರ ಅಡ್ಡಿ. ಇದು ನಮಗೆ ಹೊಸದೇನಲ್ಲ.

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಆ ಗೋಡೆ ದಾಟಿದರು. ಪೇಜ್‌ಗೆ ಆಗ 40. ಮರುವರ್ಷ, ತಮ್ಮ 42ನೇ ಹುಟ್ಟುಹಬ್ಬದ ದಿನ, ಕ್ಲೀವ್‌ಲ್ಯಾಂಡ್ ತಂಡಕ್ಕೆ ಸಹಿ ಹಾಕಿದರು. ಮುದುಕನನ್ನು ತಂದು ಆಟಕ್ಕೆ ಅವಮಾನ ಮಾಡಿದರೆಂದು ಬರೆದವರೂ ಇದ್ದರು. ಆ ಅರ್ಧ ಸೀಸನ್‌ನಲ್ಲಿ ಅವರ ಹೆಸರಿಗೆ 6 ಗೆಲುವು, 1 ಸೋಲು. ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಅದರಲ್ಲಿ ಅವರಿಗೆ ಸಿಕ್ಕಿದ್ದು ಒಂದು ಇನಿಂಗ್ಸ್‌ಗಿಂತ ಕಡಿಮೆ. ಮುಂದೆ 1951ರಿಂದ 1953ರವರೆಗೆ ಸೇಂಟ್ ಲೂಯಿಸ್ ತಂಡದಲ್ಲಿ ಹೆಚ್ಚಾಗಿ ಬುಲ್‌ಪೆನ್ ಕೆಲಸ. ಆ ತಂಡ ಮಾರಾಟವಾಗಿ ಬೇರೆ ಊರಿಗೆ ಹೋದಾಗ ಇವರನ್ನು ಕೈಬಿಟ್ಟಿತು.

ನಾಗಪುರದಲ್ಲಿ ದೀಕ್ಷೆ ನಡೆದ 1956ನೇ ಇಸವಿ. ಆ ವರ್ಷ ಪೇಜ್, ಐವತ್ತರ ಹೊಸ್ತಿಲಲ್ಲಿ, ಮೈನರ್ ಲೀಗಿಗೆ ಇಳಿದರು. ಟ್ರಿಪಲ್-ಎ ಹಂತದ ಮಯಾಮಿ ಮಾರ್ಲಿನ್ಸ್ ತಂಡ. ಹಿಂದೆ ಕ್ಲೀವ್‌ಲ್ಯಾಂಡ್‌ಗೂ ಸೇಂಟ್ ಲೂಯಿಸ್‌ಗೂ ಅವರನ್ನು ತಂದಿದ್ದ ಬಿಲ್ ವೀಕ್ ಅವರೇ ಇಲ್ಲಿಗೂ ಕರೆದರು. ಮೊದಲ ದಿನ ಹೆಲಿಕಾಪ್ಟರಿನಲ್ಲಿ ಮೈದಾನಕ್ಕೆ ಇಳಿಸಿ, ಜನರನ್ನು ಸೆಳೆಯುವ ತಮಾಷೆಯಾಗಿ ತೋರಿಸಿದರು. ಮ್ಯಾನೇಜರ್ ಡಾನ್ ಆಸ್ಬಾರ್ನ್‌ಗೆ ಈ ಮುದುಕ ಬೇಡವಾಗಿತ್ತು. ತಂಡದ ಒಂಬತ್ತು ಒಳ್ಳೆಯ ಬ್ಯಾಟರ್‌ಗಳನ್ನು ಸಾಲಾಗಿ ನಿಲ್ಲಿಸಿ, ಸರಿಯಾಗಿ ಹೊಡೆದವರಿಗೆ ತಲಾ ಹತ್ತು ಡಾಲರ್ ಎಂದು ಪಣ ಇಟ್ಟರಂತೆ. ಒಂಬತ್ತು ಜನರಲ್ಲಿ ಒಬ್ಬರಿಗೂ ಹತ್ತು ಡಾಲರ್ ಸಿಗಲಿಲ್ಲ ಎಂಬುದು ಕಥೆ. ಕಥೆ ಬಿಡಿ, ಲೆಕ್ಕ ನೋಡಿ: ಆ ವರ್ಷ 111 ಇನಿಂಗ್ಸ್ ಎಸೆದು 11 ಗೆಲುವು, 4 ಸೋಲು, ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ 1.86. ಆಗಸ್ಟ್‌ನಲ್ಲಿ ಆರೆಂಜ್ ಬೌಲ್ ಕ್ರೀಡಾಂಗಣದ ಆಟಕ್ಕೆ ಐವತ್ತು ಸಾವಿರಕ್ಕೂ ಮೀರಿ ಜನ ಸೇರಿದರು, ಮೈನರ್ ಲೀಗ್ ಆಟಕ್ಕೆ! ಗೆದ್ದ ಪಿಚರ್ ಪೇಜ್. ಮರುವರ್ಷ ಇಡೀ ಸೀಸನ್‌ನಲ್ಲಿ ಗುರಿ ತಪ್ಪಿ ಅವರು ಪುಕ್ಕಟೆ ಬೇಸ್ ಕೊಟ್ಟದ್ದು 11 ಸಲ ಮಾತ್ರ. ಐವತ್ತೊಂದರ ತೋಳು ಅದು.

ಅದೇ ಫ್ಲೋರಿಡಾದಲ್ಲಿ ಆಗ ಬಸ್ಸು, ಹೋಟೆಲು, ಸಮುದ್ರ ತೀರ ಎಲ್ಲವೂ ಬಣ್ಣದ ಮೇಲೆ ಪಾಲಾಗಿದ್ದವು.

ಈಗ ನಮ್ಮ ಪ್ರಶ್ನೆಗೆ ಬನ್ನಿ. ತಮಗೆ ಸಲ್ಲಬೇಕಾದ ಜಾಗ ಇದಲ್ಲ ಎಂದು ಗೊತ್ತಿದ್ದೂ, ಈ ಮನುಷ್ಯ ಒಂದೊಂದು ಚೆಂಡನ್ನೂ ಅಷ್ಟು ಶ್ರದ್ಧೆಯಿಂದ ಎಸೆದದ್ದು ಏಕೆ? ಮಂಗಲ ಸುತ್ತದಲ್ಲಿ ಇನ್ನೂ ಒಂದು ಮಂಗಲವಿದೆ: ಗೊಂದಲವಿಲ್ಲದ, ಅಚ್ಚುಕಟ್ಟಾದ ಕೆಲಸ. ಅದು ಒಡೆಯನಿಗೆ ಕೊಡುವ ಕಾಣಿಕೆ ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಮಾಡುವವರ ಚಿತ್ತಕ್ಕೇ ಅದು ಮಂಗಲ. ಅನ್ಯಾಯ ನಮ್ಮ ಸಂಬಳ ಕಸಿಯಬಹುದು, ಜಾಗ ಕಸಿಯಬಹುದು. ಅದರ ಜೊತೆಗೆ ನಮ್ಮ ಕೈಯ ಕಸುಬನ್ನೂ ನಾವೇ ಹಾಳು ಮಾಡಿಕೊಂಡರೆ ಅನ್ಯಾಯಕ್ಕೆ ಕಸಿಯುವ ಕೆಲಸ ಸುಲಭವಾಯಿತು ಅಷ್ಟೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನೂ "ಕೆಲಸ ಮಾಡು, ಫಲ ಕೇಳಬೇಡ" ಎಂದವರ ಪಂಕ್ತಿಯಲ್ಲಿ ಕೂತ ಹಾಗೆ. ಪೇಜ್ ಫಲ ಕೇಳಿದರು. ಜೋರಾಗಿಯೇ ಕೇಳಿದರು. ಹೆಚ್ಚು ದುಡ್ಡು ಕೊಡುವ ಕಡೆಗೆ ಒಪ್ಪಂದ ಮುರಿದುಕೊಂಡು ಹೋದದ್ದುಂಟು. ನೀಗ್ರೋ ಲೀಗಿನ ಮಾಲೀಕರೇ ಸಿಟ್ಟಾಗಿ ಅವರನ್ನು ನಿಷೇಧಿಸಿದ್ದುಂಟು. ಮಯಾಮಿಯಲ್ಲೂ ಗೇಟ್ ಹಣದಲ್ಲಿ ಪಾಲು ಕೇಳಿ ಪಡೆದರು. ತನ್ನನ್ನು ನೋಡಲು ಜನ ಬರುತ್ತಾರೆಂದರೆ ಆ ದುಡ್ಡಿನಲ್ಲಿ ತನ್ನದೂ ಪಾಲಿದೆ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಕಸುಬಿನಲ್ಲಿ ತೃಪ್ತಿ, ತಮಗೆ ಕೊಟ್ಟ ಜಾಗದಲ್ಲಿ ಅತೃಪ್ತಿ. ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಆಗುತ್ತದೆ ಎಂಬುದನ್ನು ನಾನು ಅವರಿಂದ ಕಲಿತೆ. ಜಾತಿ ಕಲಿಸಿದ ತೃಪ್ತಿ ಎರಡನೆಯದನ್ನು ಪಾಪ ಎನ್ನುತ್ತದೆ. ಬುದ್ಧರ ತೃಪ್ತಿಗೆ ಆಸೆಬುರುಕುತನದ ಜೊತೆ ಜಗಳ, ನ್ಯಾಯದ ಜೊತೆ ಅಲ್ಲ.

ಇದೇ ಪ್ರಶ್ನೆಯ ನಮ್ಮ ನೆಲದ ರೂಪ ಪಾಲವಂಕರ್ ಬಾಳೂ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಸ್ಪಿನ್ ಬೌಲರ್. ಪುಣೆಯ ಇಂಗ್ಲಿಷರ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ, ನೆಟ್ ಕಟ್ಟುವ ಕೂಲಿ. ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಬೌಲ್ ಮಾಡುತ್ತಿದ್ದರು, ಬ್ಯಾಟ್ ಕೊಡುತ್ತಿರಲಿಲ್ಲ. ಆ ನೆಟ್ಟಿನ ಚೆಂಡುಗಳನ್ನೂ ಯಾರೂ ಎಣಿಸಲಿಲ್ಲ. ಮುಂದೆ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು, ಚಹಾ ಮಾತ್ರ ಹೊರಗೆ, ಬೇರೆ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತರು. ತಂಡದ ನಾಯಕತ್ವ ಕೊಡಲಿಲ್ಲ. ತರುಣ ಅಂಬೇಡ್ಕರರು ಅವರನ್ನು ಬಹಳ ಮೆಚ್ಚಿದ್ದರು. 1937ರ ಚುನಾವಣೆಯಲ್ಲಿ ಅದೇ ಬಾಳೂ ಕಾಂಗ್ರೆಸ್ ಪರವಾಗಿ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು. ಅದು ಇನ್ನೊಂದು ದಿನದ ಚರ್ಚೆ.

ಪೇಜ್ ಅವರನ್ನು ಇಟ್ಟುಕೊಂಡು "ವಯಸ್ಸು ಕೇವಲ ಒಂದು ಸಂಖ್ಯೆ" ಎಂಬ ಪೋಸ್ಟರ್ ಮಾಡಿ ಕಳಿಸುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಜಾಷ್ ಗಿಬ್ಸನ್ ಎಂಬ ಇನ್ನೊಬ್ಬರಿದ್ದರು, ನೀಗ್ರೋ ಲೀಗಿನ ಮಹಾ ಬ್ಯಾಟರ್. 1947ರ ಜನವರಿಯಲ್ಲಿ, ಗೋಡೆ ಒಡೆಯುವುದಕ್ಕೆ ಮೂರು ತಿಂಗಳಿರುವಾಗ, 35ನೇ ವಯಸ್ಸಿಗೆ ತೀರಿಕೊಂಡರು. ಕಾದವರಿಗೆಲ್ಲ ಕರೆ ಬರಲಿಲ್ಲ. ಪೇಜ್‌ಗೆ ಬಂದದ್ದು ಅವರ ತೋಳು ಪ್ರಕೃತಿಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿದ್ದರಿಂದ. ಗೋಡೆ ಕಟ್ಟಿದವರ ಪಾಪ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಮೆಟ್ಟಿಲಿದ್ದ ಮಾತ್ರಕ್ಕೂ ನ್ಯಾಯ ಬಂದಂತಲ್ಲ ಎಂಬುದನ್ನು ಇಂದಿನ ಮೈನರ್ ಆಟಗಾರರು ಕಂಡುಕೊಂಡರು. ಆಟದ ಮೇಲಿನ ಪ್ರೀತಿಯೇ ಅವರ ಕೂಲಿಯ ದೊಡ್ಡ ಭಾಗ ಎಂಬಂತೆ ಬಹಳ ಕಾಲ ನಡೆಸಿಕೊಂಡಿದ್ದರು. 2014ರಲ್ಲಿ ಕೆಲವರು ಕನಿಷ್ಠ ವೇತನಕ್ಕಾಗಿ ಕೋರ್ಟಿಗೆ ಹೋದರು. 2022ರಲ್ಲಿ 185 ಮಿಲಿಯನ್ ಡಾಲರಿಗೆ ರಾಜಿಯಾಯಿತು. ಅದೇ ವರ್ಷ ಯೂನಿಯನ್ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಟ್ರಿಪಲ್-ಎ ಆಟಗಾರರ ಕನಿಷ್ಠ ವಾರ್ಷಿಕ ಸಂಬಳ 17,500 ಡಾಲರಿನಿಂದ 35,800ಕ್ಕೆ ಏರಿತು. ಆ ವರ್ಷ ಮೇಜರ್ ಲೀಗಿನಲ್ಲಿ ಕನಿಷ್ಠ 7,20,000. ಒಂದು ಮೆಟ್ಟಿಲಿಗೂ ಮುಂದಿನ ಮೆಟ್ಟಿಲಿಗೂ ಇರುವ ಎತ್ತರ ನೀವೇ ಲೆಕ್ಕ ಹಾಕಿ. ನಮ್ಮಲ್ಲೂ ಹೊರಗುತ್ತಿಗೆಯಲ್ಲಿ, ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯುವವರು ಈ ಸಂದೇಶ ಓದುತ್ತಿದ್ದೀರಿ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೇಜ್ ಅವರ ಕೊನೆಯ ವರ್ಷಗಳ ಎರಡು ಸಂಗತಿ ಹೇಳಿ ಮುಗಿಸುತ್ತೇನೆ.

1971ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಲು ತೀರ್ಮಾನಿಸಿತು, ಆದರೆ ನೀಗ್ರೋ ಲೀಗಿನವರಿಗೆ ಬೇರೆಯೇ ವಿಭಾಗ ಎಂದಿತು. ಸತ್ಕಾರಕ್ಕೂ ಬೇರೆ ಕೇರಿ. ಪತ್ರಿಕೆಗಳೂ ಜನರೂ ಗಲಾಟೆ ಮಾಡಿದ ಮೇಲೆ ಕೆಲವೇ ತಿಂಗಳಲ್ಲಿ ಆ ಯೋಚನೆ ಬಿಟ್ಟು, ಎಲ್ಲರ ಜೊತೆ ಸಮನಾಗಿ ಸೇರಿಸಿಕೊಂಡರು. ನೀಗ್ರೋ ಲೀಗುಗಳೂ ಮೇಜರ್ ಲೀಗುಗಳೇ ಎಂದು ಒಪ್ಪಿಕೊಳ್ಳಲು 2020ರವರೆಗೆ ಕಾಯಬೇಕಾಯಿತು.

ಅದಕ್ಕಿಂತ ಮೂರು ವರ್ಷ ಹಿಂದಿನದು ಇನ್ನೊಂದು. 1968ರಲ್ಲಿ ಪೇಜ್‌ಗೆ 62. ಮೇಜರ್ ಲೀಗ್ ಪಿಂಚಣಿಗೆ ಬೇಕಾದ ಐದು ವರ್ಷಗಳ ಸೇವೆಗೆ ಅವರಿಗೆ 158 ದಿನ ಕಡಿಮೆ ಬಿದ್ದಿತ್ತು. ನೀಗ್ರೋ ಲೀಗಿನ ಇಪ್ಪತ್ತು ವರ್ಷ ಯಾವ ಲೆಕ್ಕಕ್ಕೂ ಇಲ್ಲ. ಅಷ್ಟು ದೊಡ್ಡ ಹೆಸರಿನ ಮನುಷ್ಯ ನಾಚಿಕೊಳ್ಳಲಿಲ್ಲ. ಒಂದೊಂದೇ ತಂಡದ ಮಾಲೀಕರನ್ನು ತಾವೇ ಸಂಪರ್ಕಿಸಿ, ನನಗೆ 158 ದಿನದ ಕೆಲಸ ಬೇಕು ಎಂದು ಕೇಳಿದರು. ಅಟ್ಲಾಂಟಾ ತಂಡದ ಮಾಲೀಕ ವಿಲಿಯಂ ಬಾರ್ತಲೋಮೇ ಒಪ್ಪಿ ಸಹಿ ಹಾಕಿಸಿದರು. ಆ ವರ್ಷದ ಮೇಜರ್ ಲೀಗ್ ಆಟಗಳಲ್ಲಿ ಪೇಜ್ ಒಂದು ಚೆಂಡನ್ನೂ ಎಸೆಯಲಿಲ್ಲ. ತಂಡದ ಜೊತೆ ಇದ್ದರು, ದಿನ ಎಣಿಸಿದರು, ಪಿಂಚಣಿಗೆ ಅರ್ಹರಾದರು.

ನಮೋ ಬುದ್ಧಾಯ. ಜೈ ಭೀಮ್.